ಚಳಿಗೆ ಏಳದ ಲಾರಿ

ನಮ್ಮ ಲಾರಿ ಚಳಿಗೆ ಸ್ಟಾರ್ಟ್ ಆಗುವುದಿಲ್ಲವೆಂದು ಹಟ ಹಿಡಿದ ಮೊದಲ ಬೆಳಿಗ್ಗೆ ನಾನು ಬ್ಯಾಟರಿಯನ್ನು ಬೈದೆ. ಎರಡನೆಯ ಬೆಳಿಗ್ಗೆಯೂ ಅದನ್ನೇ ಬೈದೆ. ನಾಲ್ಕನೆಯ ದಿನದ ಹೊತ್ತಿಗೆ ಬೈಗುಳ ನಿಂತು ಬೇರೆ ಏನೋ ಶುರುವಾಗಿತ್ತು. ಕೀಲಿ ತಿರುಗಿಸುವ ಮೊದಲೇ ಅಂಗೈ ಬೆವರುತ್ತಿತ್ತು.

ಕೊಡಿಗೇನಹಳ್ಳಿಗೆ ಹತ್ತಿರದ ಊರು ನಮ್ಮದು. ಆರು ಚಕ್ರದ ಸಣ್ಣ ಲಾರಿ. ನಾವು ಕೊಳ್ಳುವಾಗಲೇ ಇನ್ನೊಬ್ಬರ ಕೈಯಲ್ಲಿ ಸವೆದು ಬಂದಿತ್ತು. ಕಡಲೆಕಾಯಿ, ಹುಣಸೆಹಣ್ಣು, ರಾಗಿ ಹುಲ್ಲು, ಎಲ್ಲಕ್ಕಿಂತ ಹೆಚ್ಚಾಗಿ ಕುರಿ ಹೇರುತ್ತಿದ್ದೆವು. ಹನ್ನೆರಡು ವರ್ಷ ಅದನ್ನು ಓಡಿಸಿದವರು ನಮ್ಮ ಯಜಮಾನರು. ಬೆನ್ನಿನ ಆಪರೇಷನ್ ಆದ ಮೇಲೆ ಡಾಕ್ಟರು, ಇನ್ನು ಸ್ಟೇರಿಂಗ್ ಹಿಡಿಯುವುದೂ ಬೇಡ, ಭಾರ ಎತ್ತುವುದೂ ಬೇಡ ಎಂದುಬಿಟ್ಟರು. ಲಾರಿ ಮಾರಿಬಿಡೋಣ ಎಂಬ ಮಾತು ಬಂತು. ನಾನು ಒಪ್ಪಲಿಲ್ಲ. ತವರಿನಲ್ಲಿ ಅಪ್ಪನ ಟ್ರ್ಯಾಕ್ಟರಿನಲ್ಲಿ ಹೊಲ ಉತ್ತವಳು ನಾನು. ಕ್ಲಚ್ಚು ಗೇರು ಹೊಸದೇನಲ್ಲ. ಮಧುಗಿರಿಗೆ ಓಡಾಡಿ ಕಲಿತು ಲೈಸೆನ್ಸ್ ಮಾಡಿಸಿದೆ. ಯಜಮಾನರು ಪಕ್ಕದ ಸೀಟಿಗೆ ಬಂದರು. ನಮ್ಮ ಊರಿನವರು ಒಂದು ತಿಂಗಳು ನೋಡಿದರು, ನಕ್ಕರು, ಆಮೇಲೆ ಅವರೇ ಬಂದು ಹುಲ್ಲು ಹೇರಿಸಿದರು.

ರಸ್ತೆಯ ಮೇಲೆ ನನಗೆ ಹೆದರಿಕೆ ಇರಲಿಲ್ಲ. ಎದುರಿಗೆ ಬಸ್ಸು ಬಂದರೂ ಸರಿ, ಸಂತೆಯ ನಡುವೆ ತೂರಬೇಕಾದರೂ ಸರಿ. ಹೆದರಿಕೆ ಬಂದದ್ದು ಎರಡನೆಯ ವರ್ಷದ ಮಾಗಿಯಲ್ಲಿ.

ಸೆಲ್ಫ್ ಹೊಡೆದರೆ ಎಂಜಿನ್ನು ಚೆನ್ನಾಗಿಯೇ ತಿರುಗುತ್ತಿತ್ತು. ಗೊರಗೊರ ಎಂದು ತಿರುಗುವುದು, ತಿರುಗುವುದು, ಹಿಡಿಯದೆ ಸುಮ್ಮನಾಗುವುದು. ಬಿಸಿಲು ಏರಿ ಹತ್ತು ಗಂಟೆಯಾಯಿತೆಂದರೆ ಮಾತ್ರ ಏನೂ ಆಗಿಲ್ಲವೆಂಬಂತೆ ಒಂದೇ ಸಲಕ್ಕೆ ಶುರುವಾಗುತ್ತಿತ್ತು. ಆದರೆ ಕುರಿ ಸಂತೆಗಳು ಹತ್ತು ಗಂಟೆಯವರೆಗೆ ಕಾಯುವುದಿಲ್ಲ. ಬೆಳಕು ಹರಿಯುವಾಗ ವ್ಯಾಪಾರ ಕುದುರಿ, ಬಿಸಿಲೇರುವಾಗ ಮುಗಿದೇ ಹೋಗಿರುತ್ತದೆ.

ಮಧುಗಿರಿಯ ಬ್ಯಾಟರಿ ಅಂಗಡಿಗೆ ಮೊದಲು ಹೋದೆವು. ಅಂಗಡಿಯಾತ ಮೀಟರು ಇಟ್ಟು ನೋಡಿ, "ಬ್ಯಾಟರಿ ಗುಂಡ್ಕಲ್ಲಿದ್ದಂಗೈತೆ ಅಕ್ಕ. ಇದನ್ನ ಬೈಬ್ಯಾಡಿ, ತೊಂದ್ರೆ ಬ್ಯಾರೆ ಕಡೆ ಐತೆ" ಎಂದ. ಆಮೇಲೆ ಕೊರಟಗೆರೆಗೆ ಹೋದೆವು. ಅಲ್ಲಿ ಯಜಮಾನರಿಗೆ ಪರಿಚಯದ ಮೆಕ್ಯಾನಿಕ್ ಇದ್ದರು. ಅವರು ಡೀಸೆಲ್ ಫಿಲ್ಟರು ಬದಲಿಸಿದರು, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳನ್ನು ಬಿಚ್ಚಿ ತೊಳೆದು ಪರೀಕ್ಷೆ ಮಾಡಿ ಹಾಕಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಕೀಲಿ ತಿರುಗಿಸಿದರೆ ಬೆರಳು ತಾಗುವುದೇ ತಡ, ಎಂಜಿನ್ನು ಗುಡುಗಿತು. "ಆಯ್ತಲ್ಲಮ್ಮ" ಎಂದರು. ನಾನೂ ಆಯಿತೆಂದೇ ನಂಬಿ ದಾರಿಯುದ್ದಕ್ಕೂ ಹಗುರಾಗಿ ಬಂದೆ. ಮರುದಿನ ಬೆಳಿಗ್ಗೆ ಮಂಜು ಮುಸುಕಿದ ಬೀದಿಯಲ್ಲಿ ಅದೇ ಗೊರಗೊರ.

ಯಾರೋ ಡೀಸೆಲ್ ಪಂಪಿನ ಮೇಲೆ ಬಿಸಿನೀರು ಸುರಿಯಿರಿ ಎಂದರು. ಹಂಡೆಯ ನೀರು ತಂದು ಸುರಿದೆ. ಒಂದು ದಿನ ಹಿಡಿಯಿತು, ಮೂರು ದಿನ ಹಿಡಿಯಲಿಲ್ಲ. ಕೊನೆಗೆ ಯಜಮಾನರು ಹ್ಯಾಂಡ್ ಪಂಪ್ ತೋರಿಸಿಕೊಟ್ಟರು. ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಂಡರೆ ಎಂಜಿನ್ನಿಗೆ ಡೀಸೆಲ್ ತಲುಪುವುದಿಲ್ಲ. ಫಿಲ್ಟರಿನ ತಲೆಯ ಬೋಲ್ಟ್ ಸಡಿಲಿಸಿ, ಪಕ್ಕದ ಪುಟ್ಟ ಪಂಪನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋಗಬೇಕು. ಮೊದಲು ನೊರೆ ಬರುತ್ತದೆ. ನೊರೆ ನಿಂತು ಬರೀ ಡೀಸೆಲ್ ಬರತೊಡಗಿದಾಗ ಬೋಲ್ಟ್ ಬಿಗಿಯಬೇಕು. ಚಳಿಯಲ್ಲಿ ಬೆರಳು ಮರಗಟ್ಟಿ, ಹೆಬ್ಬೆರಳ ತುದಿಯ ಚರ್ಮ ಕಿತ್ತು ಬಂತು. ನಾನು ಮುದ್ದೆ ಮುರಿದರೆ ಮುದ್ದೆಗೂ ಡೀಸೆಲ್ ವಾಸನೆ.

"ದಿನಾ ಗಾಳಿ ತೆಗಿತೀವಿ, ದಿನಾ ಸೇರ್ಕಂತೈತೆ. ಎಲ್ಲಿಂದ ಬರ್ತೈತೆ ಅದು?" ಎಂದು ಕೇಳಿದೆ.

"ಹಳೇ ಗಾಡಿ ಕಣೇ. ಎಲ್ಲಾ ಕಡೆಯಿಂದಾನೂ ಬರ್ತೈತೆ" ಎಂದರು.

ಒಂದು ಬೆಳಿಗ್ಗೆ ಬುಕ್ಕಾಪಟ್ಟಣದ ಕಡೆ, ಹುಣಸೆಹಣ್ಣು ಹೇರಲು ಹೋಗಿ ರಾತ್ರಿ ತಂಗಿದ್ದ, ಕುರುಚಲು ಕಾಡಿನ ಅಂಚಿನ ಒಂದು ತೋಟದ ಮನೆಯ ಮುಂದೆ ಬಾನೆಟ್ ಎತ್ತಿ ಹೀಗೇ ಒತ್ತುತ್ತಾ ನಿಂತಿದ್ದೆ. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಆ ಸೀಮೆಯಲ್ಲಿ ಕರಡಿ ಓಡಾಡುತ್ತವೆಂದು ತೋಟದವರು ಹಿಂದಿನ ಸಂಜೆಯೇ ಹೇಳಿದ್ದರು. ನನ್ನ ಬೆನ್ನು ಕಾಡಿನ ಕಡೆಗಿತ್ತು, ತಲೆ ಎಂಜಿನ್ನಿನೊಳಗಿತ್ತು. ಹಿಂದೆ ತರಗೆಲೆ ಸದ್ದಾಯಿತು. ಯಜಮಾನರು ಕೋಲು ಹಿಡಿದು ನಿಂತಿದ್ದವರು, "ಏನಿಲ್ಲ, ನೀನು ಒತ್ತು" ಎಂದರು. ಅವರ ದನಿ ಏನಿಲ್ಲ ಎನ್ನುವವರ ದನಿಯ ಹಾಗಿರಲಿಲ್ಲ. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಕೈ ನಿಲ್ಲುತ್ತಿತ್ತು. ಲಾರಿ ಶುರುವಾಗಿ ಹೊರಟ ಮೇಲೆ, ಅದೊಂದು ಕಾಡುಹಂದಿ ಎಂದು ಹೇಳಿದರು. ನಿಜವಾಗಿ ಏನಿತ್ತೋ ಇಂದಿಗೂ ನನಗೆ ಗೊತ್ತಿಲ್ಲ.

ಅದಾದ ಮೇಲೆ ಯಜಮಾನರೇ ಇನ್ನೊಂದು ದಾರಿ ಹೇಳಿದರು. "ರಾತ್ರೆ ನಿಲ್ಸೋವಾಗ ಇಳಿಜಾರಿನಾಗೆ ನಿಲ್ಸು. ಬೆಳಿಗ್ಗೆ ಎರಡನೇ ಗೇರಿಗೆ ಹಾಕಿ, ಕ್ಲಚ್ ತುಳ್ದು, ಉರುಳೋಕೆ ಬುಡು. ಓಟ ಬಂದಾಗ ಕ್ಲಚ್ ಬುಟ್ರೆ ಅದೇ ಎದ್ದು ಕುಂತ್ಕಂತದೆ. ನಾನು ನೂರು ಸಲ ಮಾಡಿವ್ನಿ."

ನಮ್ಮ ಬೀದಿ ಹಾಲಿನ ಡೈರಿಯಿಂದ ಕೆಳಕ್ಕೆ ಸ್ವಲ್ಪ ಇಳಿಜಾರಾಗಿದೆ. ಅಲ್ಲಿ ನಾಲ್ಕೈದು ಬೆಳಿಗ್ಗೆ ಹೀಗೇ ಮಾಡಿದೆವು. ಖಾಲಿ ಲಾರಿ, ಮೆತ್ತನೆಯ ಇಳಿಜಾರು, ಪಕ್ಕದಲ್ಲಿ ಯಜಮಾನರು "ಈಗ ಬುಡು" ಎನ್ನುವರು. ಕ್ಲಚ್ ಬಿಟ್ಟರೆ ಲಾರಿ ಒಂದು ಸಲ ಮುಗ್ಗರಿಸಿ ಎದ್ದು ನಿಲ್ಲುತ್ತಿತ್ತು. ನನಗೆ ಧೈರ್ಯ ಬಂತು. ಆ ಧೈರ್ಯವನ್ನು ಹೊತ್ತುಕೊಂಡೇ ನಿಡುಗಲ್ ಕಡೆ ಹೋದೆ.

ಬೆಟ್ಟದ ಬುಡದ ಒಂದು ಹಟ್ಟಿಯಿಂದ ಶಿರಾ ಸಂತೆಗೆ ಮೂವತ್ತೆಂಟು ಕುರಿ ಒಯ್ಯಬೇಕಿತ್ತು. ಕುರಿಗಳ ಒಡತಿ ಅರವತ್ತರ ಆಸುಪಾಸಿನ ಹೆಂಗಸು. ಆಕೆಯ ಗಂಡ ಉಳಿದ ಮಂದೆಯೊಂದಿಗೆ ಬೆಟ್ಟದ ಆಚೆ ಇದ್ದ. ನಾವು ಹಿಂದಿನ ಸಂಜೆಯೇ ಹೋಗಿ ಉಳಿದುಕೊಂಡೆವು. ಹಟ್ಟಿಯ ಮುಂದಿನ ರಸ್ತೆ ಕೆಳಗಿನ ಕೆರೆ ಏರಿಯವರೆಗೆ ಇಳಿದು, ಅಲ್ಲಿ ಎಡಕ್ಕೆ ತಿರುಗಿ ಏರಿಯ ಮೇಲೆ ಸಾಗುತ್ತದೆ. ಒಂದು ಪಕ್ಕ ಏರಿಯ ಕಲ್ಲುಕಟ್ಟು, ಇನ್ನೊಂದು ಪಕ್ಕ ಎರಡಾಳು ಆಳದ ಹೊಲ. ಸಂಜೆಯ ಬೆಳಕಿನಲ್ಲಿ ನೋಡಿದಾಗ ಇಳಿಜಾರು ಅಷ್ಟೇನೂ ಕಡಿದೆನ್ನಿಸಲಿಲ್ಲ. ಮೂತಿ ಕೆಳಕ್ಕೆ ಮಾಡಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡು ಕಲ್ಲು ಒತ್ತಿದೆವು.

ಬೆಳಿಗ್ಗೆ ಆರಕ್ಕೆ ಕುರಿ ಹತ್ತಿಸಿದೆವು. ಹೊಸ ಮರಿಗಳು ಒಂದನ್ನೊಂದು ತುಳಿಯುತ್ತವೆಂದು ಒಡತಿಯೂ ಹಿಂದೆಯೇ ಹತ್ತಿ ಕುರಿಗಳ ನಡುವೆ ನಿಂತಳು. ಎಂಜಿನ್ನಿನ ಸದ್ದು ಕೇಳಿದ ಮೇಲೆ ಹತ್ತು ಎಂದು ನಾನು ಹೇಳಬೇಕಾಗಿತ್ತು, ಹೇಳಲಿಲ್ಲ. ಕೀಲಿ ತಿರುಗಿಸಿ ನೋಡಿದೆ. ಗೊರಗೊರ ಎಂದು ಸುಮ್ಮನಾಯಿತು. ಕಿಟಕಿಯ ಗಾಜಿನ ಮೇಲೆ ನನ್ನ ಉಸಿರು ಮಂಜುಗಟ್ಟುತ್ತಿತ್ತು.

"ಉರುಳ್ಸೇ ಬುಡಾಣ. ನಾನು ಕಲ್ಲು ತೆಗಿತೀನಿ" ಎಂದು ಯಜಮಾನರು ಇಳಿದರು.

ಬೆನ್ನು ಬಾಗದವರು ಕಾಲಿನಿಂದಲೇ ಒದ್ದು ಕಲ್ಲು ಸರಿಸಿದರು. ಒಂದು ಕಲ್ಲು ಹೋಯಿತು. ಎರಡನೆಯದು ಹೋದದ್ದೇ ತಡ, ಲಾರಿ ಹೊರಟಿತು. ಅವರು ಹತ್ತುವವರೆಗೆ ಹ್ಯಾಂಡ್ ಬ್ರೇಕು ಹಿಡಿದಿರುತ್ತದೆ ಎಂದು ನಾವಿಬ್ಬರೂ ಎಣಿಸಿದ್ದೆವು. ಖಾಲಿ ಲಾರಿಯನ್ನು ಹಿಡಿಯುತ್ತಿದ್ದ ಹ್ಯಾಂಡ್ ಬ್ರೇಕು ಕುರಿ ತುಂಬಿದ ಲಾರಿಯನ್ನು ಹಿಡಿಯಲಿಲ್ಲ. ಕನ್ನಡಿಯಲ್ಲಿ ಯಜಮಾನರು ಕೈ ಚಾಚಿ ನಾಲ್ಕು ಹೆಜ್ಜೆ ಓಡಿದ್ದು ಕಂಡಿತು, ಆಮೇಲೆ ಸೊಂಟ ಹಿಡಿದು ನಿಂತದ್ದು ಕಂಡಿತು. ಆಮೇಲೆ ಕಾಣಲಿಲ್ಲ.

ಕ್ಯಾಬಿನ್ನಿನೊಳಗೆ ನಾನೊಬ್ಬಳೇ ಉಳಿದೆ. ಎಂಜಿನ್ ಸದ್ದಿಲ್ಲದ ಲಾರಿ ಓಡುವುದನ್ನು ಕೇಳಿದವರಿಗೇ ಗೊತ್ತು. ಚಕ್ರದ ಕೆಳಗೆ ಜಲ್ಲಿ ಪಟಪಟ ಅನ್ನುವುದು, ಹಲಗೆಗಳು ಕಿರುಗುಟ್ಟುವುದು, ಕುರಿಗಳ ಗೊರಸು, ಎಲ್ಲ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. "ಈಗ ಬುಡು" ಎನ್ನುವ ದನಿಗೆ ಕಾದೆ. ಆ ದನಿ ಹಿಂದೆ ರಸ್ತೆಯಲ್ಲಿ ಉಳಿದುಹೋಗಿತ್ತು. ನಾನೇ ಕ್ಲಚ್ ಬಿಟ್ಟೆ. ಲಾರಿ ಮುಗ್ಗರಿಸಿತು, ಎಂಜಿನ್ನು ಎರಡು ಸಲ ಕೆಮ್ಮಿತು. ಹಿಡಿಯಿತೆಂದುಕೊಂಡು, ಆರಿಹೋಗದಿರಲೆಂದು ಅಭ್ಯಾಸಬಲದಿಂದ ಮತ್ತೆ ಕ್ಲಚ್ ತುಳಿದೆ. ಅದು ಆರಿತು. ಕ್ಲಚ್ ತುಳಿದ ಕಾಲು ಅಲ್ಲೇ ಕಲ್ಲಾಯಿತು. ತಡೆಯುವುದಕ್ಕೆ ಏನೂ ಇಲ್ಲದ ಲಾರಿ ಈಗ ನಿಜವಾಗಿ ಓಡತೊಡಗಿತು.

ಬ್ರೇಕು ತುಳಿದೆ. ಹಿಡಿಯಿತು. ಸ್ವಲ್ಪ ಬಿಟ್ಟು ಮತ್ತೆ ತುಳಿದೆ. ಅರ್ಧ ಹಿಡಿಯಿತು. ಮೂರನೆಯ ಸಲ ಪೆಡಲು ಕೆಳಗಿಳಿಯಲೇ ಇಲ್ಲ. ಕಲ್ಲುಚಪ್ಪಡಿ ತುಳಿದ ಹಾಗಿತ್ತು. ಎಂಜಿನ್ನು ಓಡದಿದ್ದರೆ ಬ್ರೇಕಿಗೆ ಬಲ ಬರುವುದಿಲ್ಲ, ಉಳಿದ ಬಲ ಎರಡು ತುಳಿತಕ್ಕೆ ತೀರಿಹೋಗುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಬ್ರೇಕು ಕಿತ್ತುಹೋಯಿತೆಂದೇ ತಿಳಿದೆ. ಸ್ಟೇರಿಂಗೂ ಬಿಗಿದುಕೊಂಡಿತ್ತು. ಮುಂದೆ ಏರಿಯ ತಿರುವು, ಅದರಾಚೆ ಹೊಲ ಕಾಣದಷ್ಟು ಬಿಳಿ ಮಂಜು.

ಇಲ್ಲೊಂದು ಮಾತು ಬರೆಯಬೇಕು. ನನ್ನ ಬಲಗೈ ಸ್ಟೇರಿಂಗ್ ಬಿಟ್ಟು ಬಾಗಿಲ ಹಿಡಿಯ ಮೇಲೆ ಹೋಗಿತ್ತು. ಹಾರಿಬಿಡು ಎಂದು ಯಾರೂ ಹೇಳಲಿಲ್ಲ, ಕೈಯೇ ಹೋಯಿತು. ಹಿಡಿಯ ತಣ್ಣನೆಯ ಕಬ್ಬಿಣ ಇವತ್ತಿಗೂ ಅಂಗೈಯಲ್ಲಿದೆ. ಹಿಂದೆ ಒಂದು ಜೀವ, ಮೂವತ್ತೆಂಟು ಜೀವ ನಿಂತಿವೆಯೆಂಬುದು ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಇರಲಿಲ್ಲ. ಆಗ ಹಿಂದಿನಿಂದ ಆಕೆ ಹಲಗೆಯನ್ನು ಎರಡು ಸಲ ಬಡಿದಳು. ಆ ಬಡಿತಕ್ಕೆ ಕೈ ವಾಪಸು ಬಂತು. ಎರಡೂ ಕಾಲು ಬ್ರೇಕಿನ ಮೇಲೆ ಇಟ್ಟು ಸೀಟಿನಿಂದ ಎದ್ದು ನಿಂತು ಒತ್ತಿದೆ. ಹಾಗೆ ಎದ್ದಾಗ ಕ್ಲಚ್ಚಿನಿಂದ ಕಾಲು ತಪ್ಪಿತು. ನಮ್ಮನ್ನು ಉಳಿಸಿದ್ದು ಅದೇ. ಎರಡನೇ ಗೇರು ನಿಂತ ಎಂಜಿನ್ನನ್ನು ಹಿಡಿಯಿತು, ಎಂಜಿನ್ನೇ ಚಕ್ರಗಳಿಗೆ ತಡೆಯಾಯಿತು. ಲಾರಿ ನಡುಗಿ, ಅರಚಿ, ಹಿಂದಿನ ಚಕ್ರಗಳು ಎಳೆದುಕೊಂಡು ಬಂದವು. ತಿರುವಿಗೆ ಇನ್ನೂ ಹತ್ತು ಮಾರು ಇರುವಾಗ ರಸ್ತೆಯ ಪಕ್ಕ ಸುರಿದಿದ್ದ ಜಲ್ಲಿಯ ಗುಡ್ಡೆಗೆ ಮುಂದಿನ ಚಕ್ರ ಹತ್ತಿಸಿದೆ. ಲಾರಿ ಒಂದು ಪಕ್ಕಕ್ಕೆ ವಾಲಿ ನಿಂತಿತು.

ಆಮೇಲೆ ಏನೂ ಸದ್ದಿಲ್ಲ. ಕುರಿಗಳೂ ಕೂಗಲಿಲ್ಲ. ಇಳಿದು ಹಿಂದೆ ಹೋಗಿ ನೋಡಬೇಕಿತ್ತು, ನನಗೆ ಆಗಲಿಲ್ಲ. ಆಕೆ ಸತ್ತುಹೋಗಿದ್ದಾಳೆ, ಇಳಿದರೆ ನೋಡಬೇಕಾಗುತ್ತದೆ, ಕೂತೇ ಇದ್ದರೆ ಇನ್ನೂ ಸತ್ತಿಲ್ಲ ಎಂದು ಯೋಚಿಸಿದೆ. ಹುಚ್ಚು ಯೋಚನೆ, ಆದರೆ ಹಾಗೇ ಯೋಚಿಸಿದೆ.

ಆಮೇಲೆ ಹಿಂದಿನಿಂದ ಆಕೆಯ ದನಿ ಬಂತು. "ಅಮ್ಮಾ, ಇದ್ದೀಯಾ?"

ಆಕೆ ಮತ್ತೆ ಕರೆದಳು. "ಓಯಮ್ಮಾ, ಇದ್ದೀಯಾ ಇಲ್ವಾ?"

"ಇದ್ದೀನಿ ಅವ್ವಾ."

"ಹಂಗಾರೆ ಬಂದು ಹಲಗೆ ಬಿಚ್ಚು. ನಂಗೊಂದು ಕೈ ಆಡ್ತಾ ಇಲ್ಲ."

ಇಳಿದೆ. ಕುರಿಗಳೆಲ್ಲ ಮುಂದಕ್ಕೆ ಜರುಗಿ ಒಂದರ ಮೇಲೊಂದು ಒತ್ತಿಕೊಂಡಿದ್ದವು. ಆಕೆ ಕ್ಯಾಬಿನ್ನಿನ ಹಿಂಬದಿಗೆ ಆನಿಸಿಕೊಂಡು ಎಡಗೈಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದಿದ್ದಳು. ಮಣಿಕಟ್ಟು ಮುರಿದಿತ್ತು. ಒಂದು ಹೆಣ್ಣುಕುರಿ ಕೆಳಗೆ ಸಿಕ್ಕಿ ಸತ್ತಿತ್ತು. ಆಕೆ ಅದರ ಕಿವಿ ಮುಟ್ಟಿ ನೋಡಿದಳು. "ಏಂ ಕಾದಮ್ಮಾ, ಏನೂ ಆಗಲ್ಲ" ಎಂದು ಬದುಕಿದ್ದವುಗಳಿಗೆ ತೆಲುಗು ಕನ್ನಡ ಎರಡರಲ್ಲೂ ಹೇಳುತ್ತಾ ಬಲಗೈಯಿಂದ ಒಂದೊಂದನ್ನೇ ನನ್ನ ಕಡೆಗೆ ತಳ್ಳಿ ಇಳಿಸಿದಳು. ಹಟ್ಟಿಯವರು ಓಡಿಬಂದರು. ಪಾವಗಡಕ್ಕೆ ಹೊರಟಿದ್ದ ಹಾಲಿನ ಗಾಡಿಯೊಂದು ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದಿತು. ಆಕೆಯ ಮೈದುನ ಜೊತೆಗೆ ಹೋದ. ಶಿರಾ ಸಂತೆಯ ಮಾತು ಯಾರೂ ಎತ್ತಲಿಲ್ಲ.

ಯಜಮಾನರು ಕುಂಟುತ್ತಾ ಬಂದು ಲಾರಿಯ ಚಕ್ರಕ್ಕೆ ಒರಗಿ ಕೂತರು. ನಾನು, "ಬ್ರೇಕು ಕಿತ್ತೋಯ್ತು" ಎಂದೆ.

"ಕಿತ್ತಿಲ್ಲ" ಎಂದರು. "ಎಂಜಿನ್ ಆಫ್ ಆಗಿದ್ರೆ ಅದು ಅಂಗೇಯ. ಎರಡು ಸಲ ಆದ್ಮೇಲೆ ಕಲ್ಲಾಗ್ತೈತೆ."

"ಗೊತ್ತಿತ್ತಾ?"

ಅವರು ನೆಲ ನೋಡುತ್ತಿದ್ದರು.

"ಗೊತ್ತಿತ್ತಾ ನಿನಗೆ?" ಮದುವೆಯಾದ ಮೇಲೆ ಮೊದಲ ಸಲ ನನ್ನ ಬಾಯಿಂದ ಏಕವಚನ ಬಂದಿತ್ತು.

"ಗೊತ್ತಿತ್ತು. ನಂಗೂ ಒಂದ್ಸಲ ಇಂಗೇ ಆಗಿತ್ತು, ಮಡಕಶಿರಾ ರೋಡಿನಾಗೆ. ಮನೇಲಿ ಹೇಳಿರಲಿಲ್ಲ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಗಾಡಿ ಮುಟ್ತಿರಲಿಲ್ಲ ಅಂತ ಹೆದರಿಕೊಂಡೆ."

ಆ ಮಾತಿಗೆ ಕೂಗಾಡಬೇಕೆನಿಸಿತು. ನಾನು ಎದ್ದು ಕೆರೆ ಏರಿಯ ಮೇಲೆ ಹೋಗಿ ಒಬ್ಬಳೇ ನಿಂತೆ. ಮಂಜು ಕರಗಿತ್ತು. ಆ ತಿರುವಿನ ಕೆಳಗಿನ ಹೊಲ ಈಗ ಕಾಣುತ್ತಿತ್ತು. ಅವರೆ ಕಿತ್ತ ಹೊಲ, ನಡುವೆ ಒಂದು ಬಾವಿ. ನೋಡಬಾರದಿತ್ತು.

ಒಂಬತ್ತೂವರೆಗೆ ಬಿಸಿಲು ಬಾನೆಟ್ಟಿನ ಮೇಲೆ ಬಿತ್ತು. ಯಜಮಾನರು ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಶುರುವಾಯಿತು. ಜನ ತಳ್ಳಿ ಲಾರಿಯನ್ನು ಜಲ್ಲಿಯಿಂದ ಇಳಿಸಿದರು. ನಾನು ಸ್ಟೇರಿಂಗ್ ಮುಟ್ಟುವುದಿಲ್ಲವೆಂದೆ. ಶಿರಾದಲ್ಲಿ ಯಾರಿಗಾದರೂ ತೋರಿಸೋಣವೆಂದು ಅವರೇ ಕೂತು ಓಡಿಸಿದರು. ನಾಲ್ಕೈದು ಕಿಲೋಮೀಟರ್ ಹೋಗುವುದರೊಳಗೆ ಅವರ ಮುಖ ಬೂದಿಯಾಯಿತು, ಪ್ರತಿ ಗುಂಡಿಗೂ ಹಲ್ಲು ಕಚ್ಚುತ್ತಿದ್ದರು. ಹೀಗೇ ಹೋದರೆ ಈ ಮನುಷ್ಯ ಮತ್ತೆ ಹಾಸಿಗೆ ಹಿಡಿಯುತ್ತಾರೆ ಎಂಬ ಇನ್ನೊಂದು ಹೆದರಿಕೆ ಮೊದಲ ಹೆದರಿಕೆಯನ್ನು ಒತ್ತರಿಸಿತು.

"ನಿಲ್ಸಿ. ಎಂಜಿನ್ ಮಾತ್ರ ಆಫ್ ಮಾಡಬ್ಯಾಡಿ" ಎಂದೆ.

ಸೀಟು ಬದಲಿಸಿದೆವು. ಶಿರಾ ಮುಟ್ಟುವವರೆಗೆ ಬ್ರೇಕಿನ ಮೇಲೆ ಕಾಲಿಟ್ಟಾಗಲೆಲ್ಲ, ಇದು ಇಳಿಯುತ್ತದೋ ಇಲ್ಲವೋ ಎಂದೇ ಎಣಿಸುತ್ತಿದ್ದೆ.

ಶಿರಾದಲ್ಲಿ ಒಬ್ಬ ವಯಸ್ಸಾದ ಮೇಸ್ತ್ರಿ ಇದ್ದರು, ಸಾಬರು. ಡೀಸೆಲ್ ಗಾಡಿಗಳ ಕೆಲಸದಲ್ಲೇ ಕೂದಲು ಬೆಳ್ಳಗಾದವರು. ಯಜಮಾನರು ನಡೆದದ್ದನ್ನೆಲ್ಲ ಹೇಳಿದರು. ಮೇಸ್ತ್ರಿ ಬಾನೆಟ್ ಎತ್ತಲಿಲ್ಲ, ಸ್ಪಾನರ್ ಹಿಡಿಯಲಿಲ್ಲ. ನನ್ನ ಕಡೆ ತಿರುಗಿ, "ಸ್ಟಾರ್ಟ್ ಆಗದೆ ಇರೋವಾಗ ಸೈಲೆನ್ಸರಿಂದ ಹೊಗೆ ಬರ್ತದಾ ಬೇಟಿ? ಯಾವ ಬಣ್ಣ?" ಎಂದು ಕೇಳಿದರು.

ನಾನು ಅದನ್ನು ನೋಡಿಯೇ ಇರಲಿಲ್ಲ. ಹಾಗೆಯೇ ಹೇಳಿದೆ.

"ಬಿಳೀ ಹೊಗೆ ಬಂದ್ರೆ ಡೀಸೆಲ್ ಒಳಗೆ ಹೋಗ್ತಾ ಐತೆ, ಉರೀತಾ ಇಲ್ಲ ಅಂತ. ಹೊಗೇನೇ ಇಲ್ಲ ಅಂದ್ರೆ ಡೀಸೆಲ್ಲೇ ಹೋಗ್ತಾ ಇಲ್ಲ. ಎರಡೂ ಬೇರೆ ಬೇರೆ ಬೀಮಾರಿ. ಬೇರೆ ಮೆಕ್ಯಾನಿಕ್ ಹತ್ರ ತಗೊಂಡು ಹೋದಾಗ ಗಾಡಿ ಬಿಸಿ ಇತ್ತಾ?"

"ಓಡಿಸಿಕೊಂಡೇ ಅಲ್ವಾ ಹೋಗೋದು."

"ಅದೇ ನೋಡು. ಬಿಸಿ ಗಾಡೀಲಿ ಈ ಬೀಮಾರಿ ಕಾಣಲ್ಲ. ಯಾರ್ದೂ ತಪ್ಪಿಲ್ಲ. ಇವತ್ತು ಇಲ್ಲೇ ಬಿಟ್ಟು ಹೋಗಿ. ಗಾಡಿ ಪೂರ್ತಿ ಠಂಡಾ ಆಗಲಿ. ಬೆಳಿಗ್ಗೆ ಆರೂವರೆಗೆ ಬನ್ನಿ, ನಾನು ಮುಟ್ಟದೆ ಇರ್ತೀನಿ."

ಒಂದು ತಿಂಗಳಿಂದ ನಾವು ರೋಗಿಯನ್ನು ಜ್ವರ ಬಿಟ್ಟ ಹೊತ್ತಿನಲ್ಲೇ ತೋರಿಸುತ್ತಾ ಬಂದಿದ್ದೆವು. ಶಿರಾದಲ್ಲಿದ್ದ ನಾದಿನಿಯ ಮನೆಗೆ ಹೋದೆವು. ಉಂಡೆವೋ ಇಲ್ಲವೋ ನೆನಪಿಲ್ಲ. ಕಣ್ಣು ಮುಚ್ಚಿದರೆ ಲಾರಿ ಉರುಳುತ್ತಿತ್ತು.

ಬೆಳಿಗ್ಗೆ ಮೇಸ್ತ್ರಿ ಮಫ್ಲರ್ ಸುತ್ತಿಕೊಂಡು ಕಾದಿದ್ದರು. ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪು ಬಿಚ್ಚಿ, ಅಲ್ಲಿಗೆ ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್ ಪೈಪು ಜೋಡಿಸಿದರು. "ಕೀ ತಿರುಗಿಸು ಬೇಟಿ" ಎಂದರು. ಲಾರಿ ನಿಂತದ್ದು ಮಟ್ಟಸವಾದ ನೆಲದ ಮೇಲೆ, ನಾಲ್ಕೂ ಕಡೆ ಕಲ್ಲು ಕೊಟ್ಟಿದ್ದರು. ಆದರೂ ನನಗೆ ಕೀಲಿ ಮುಟ್ಟಲಾಗಲಿಲ್ಲ. ಅವರು ಅವಸರ ಮಾಡಲಿಲ್ಲ. ತಮ್ಮ ಕೈಯಲ್ಲಿದ್ದ ಟೀ ನಿಧಾನವಾಗಿ ಕುಡಿದು ಮುಗಿಸಿದರು. ಆಮೇಲೆ ತಿರುಗಿಸಿದೆ. ಗೊರಗೊರ. ಸೈಲೆನ್ಸರಿನಿಂದ ಹೊಗೆಯ ಎಳೆಯೂ ಇಲ್ಲ. ಪ್ಲಾಸ್ಟಿಕ್ ಪೈಪಿನೊಳಗೆ ಡೀಸೆಲ್‌ಗಿಂತ ಹೆಚ್ಚಾಗಿ ಗುಳ್ಳೆಗಳು ಸಾಲುಸಾಲಾಗಿ ಓಡಿದವು.

ಮುಂದೆ ಅವರು ಮಾಡಿದ್ದು ನನಗೆ ಬಹಳ ಹಿಡಿಸಿತು. ಒಂದು ಕ್ಯಾನಿನಲ್ಲಿ ಡೀಸೆಲ್ ತುಂಬಿ ಬಾನೆಟ್ಟಿನ ಪಕ್ಕ ಎತ್ತರಕ್ಕೆ ಕಟ್ಟಿದರು. ಲಾರಿಯ ಟ್ಯಾಂಕನ್ನೂ ಅದರ ಪೈಪನ್ನೂ ಬಿಟ್ಟು, ಕ್ಯಾನಿನಿಂದ ನೇರವಾಗಿ ಎಂಜಿನ್ನಿನ ಬಳಿಗೆ ಡೀಸೆಲ್ ಕೊಟ್ಟರು, ಗಾಳಿ ತೆಗೆದರು. ಕೀಲಿ ತಿರುಗಿಸಿದರೆ ಆ ಚಳಿಯಲ್ಲೇ ಎಂಜಿನ್ನು ಎದ್ದಿತು. "ಅಂದ್ರೆ ಎಂಜಿನ್ ಒಳ್ಳೇದು, ಪಂಪ್ ಒಳ್ಳೇದು. ಕಳ್ಳ ಟ್ಯಾಂಕಿಗೂ ಪಂಪಿಗೂ ನಡುವೆ ಅವ್ನೆ" ಎಂದು ಚಾಪೆ ಹಾಸಿ ಲಾರಿಯ ಕೆಳಗೆ ಸೇರಿಕೊಂಡರು.

ಟ್ಯಾಂಕಿನಿಂದ ಬರುವ ಕಬ್ಬಿಣದ ಪೈಪು ಛಾಸಿಯ ಕಬ್ಬಿಣದ ತೊಲೆಯ ಮೇಲೆ ಹಾದುಹೋಗುವ ಕಡೆ ಒಂದು ಗೇಣು ರಬ್ಬರ್ ಪೈಪಿತ್ತು. ಮೇಲಿನಿಂದಲೂ ಕಾಣದು, ಕೆಳಗಿನಿಂದಲೂ ಕಾಣದು. ಅದನ್ನು ಕಿತ್ತು ತಂದು ನನ್ನ ಕೈಗೆ ಕೊಟ್ಟು ಬಾಗಿಸು ಎಂದರು. ಬಾಗಿಸಿದೆ. ಮಾಗಿಯ ಹಿಮ್ಮಡಿಯ ಹಾಗೆ ಉದ್ದಕ್ಕೂ ಬಿರುಕು ಬಿಟ್ಟುಕೊಂಡಿತು. ಆಮೇಲೆ ಅದನ್ನು ಬಿಸಿ ಟೀ ಲೋಟಕ್ಕೆ ಸುತ್ತಿ ಸ್ವಲ್ಪ ಹೊತ್ತು ಹಿಡಿದು ಮತ್ತೆ ಕೊಟ್ಟರು. ರಬ್ಬರು ಮೆತ್ತಗಾಗಿತ್ತು, ಬಿರುಕುಗಳು ಮುಚ್ಚಿಕೊಂಡಿದ್ದವು. ಚಳಿಯಲ್ಲಿ ಸೆಟೆದುಕೊಂಡು ಗಾಳಿ ಕುಡಿಯುತ್ತಿತ್ತು, ಅಷ್ಟು ಹೊತ್ತಿಗೆ ಡೀಸೆಲ್ಲು ಟ್ಯಾಂಕಿಗೆ ವಾಪಸು ಇಳಿದಿರುತ್ತಿತ್ತು. ಬಿಸಿಲಿಗೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಒಂದು ಗೇಣಿನ ರಬ್ಬರಿನ ಮುಂದೆ ನಿಂತು ನಾನು ಅತ್ತೆ. ಮೇಸ್ತ್ರಿ ಬೇರೆ ಕಡೆ ನೋಡುತ್ತಾ ಹೊಸ ಪೈಪು ಕತ್ತರಿಸಿದರು, ಎರಡು ಕ್ಲಿಪ್ಪು ಹಾಕಿ ಬಿಗಿದರು.

"ಇನ್ನೊಂದು ರಾತ್ರಿ ನಿಲ್ಲಲಿ. ನಾಳೆ ಬೆಳಿಗ್ಗೆ ಎದ್ರೇನೇ ವಾಸಿ ಆಯ್ತು ಅನ್ನೋದು" ಎಂದರು. ಮರುದಿನ ಆರೂವರೆಗೆ ಒಂದೇ ಸಲಕ್ಕೆ ಎದ್ದಿತು. ಸೈಲೆನ್ಸರಿನಿಂದ ಬಿಳಿ ಹೊಗೆ ಪುಸಕ್ಕೆಂದು ಬಂದು, ತೆಳುವಾಗಿ, ಹೋಯಿತು.

ಲಾರಿ ವಾಸಿಯಾಯಿತು. ನಾನು ಆಗಲಿಲ್ಲ. ಮನೆಗೆ ಬಂದ ಮೇಲೆ ಎಂಟು ದಿನ ಅದರ ಹತ್ತಿರ ಹೋಗಲಿಲ್ಲ. ಒಂಬತ್ತನೆಯ ದಿನ ಯಜಮಾನರೇ ಬಂದು, "ಕೆರೆ ಅಂಗಳಕ್ಕೆ ಹೋಗಾಣ ಬಾ. ನಾನು ಹೇಳ್ದೆ ಬುಟ್ಟಿದ್ದನ್ನೆಲ್ಲ ಹೇಳ್ತೀನಿ" ಎಂದರು. ನೀರಿಲ್ಲದ ಕೆರೆಯ ಅಂಗಳ ಮಟ್ಟಸವಾಗಿ ಹರಡಿತ್ತು, ಲಾರಿ ಹೋಗಿ ಗುದ್ದುವಂಥದ್ದು ಏನೂ ಇರಲಿಲ್ಲ. ಅಲ್ಲಿ ಓಡುತ್ತಿರುವಾಗಲೇ ಎಂಜಿನ್ ಆಫ್ ಮಾಡಿಸಿದರು. ಬ್ರೇಕು ಮೊದಲ ಸಲ, ಎರಡನೆಯ ಸಲ, ಮೂರನೆಯ ಸಲ ಹೇಗಿರುತ್ತದೆಂದು ನಾನೇ ತುಳಿದು ನೋಡುವಂತೆ ಮಾಡಿದರು. ಪೆಡಲು ಕಲ್ಲಾದಾಗ ಮೈ ಬೆವರಿ ಕಿರುಚಿಕೊಂಡೆ. ಅವರು ತಮ್ಮ ಕೈಯನ್ನು ನನ್ನ ಮೊಣಕಾಲ ಮೇಲಿಟ್ಟು, "ಬಿಟ್ಟು ಬಿಟ್ಟು ತುಳೀಬ್ಯಾಡ, ಒಂದೇ ಸಲ ಒತ್ತಿ ಹಿಡ್ಕಂಡಿರು. ಗೇರು ಬುಡಬ್ಯಾಡ, ಕ್ಲಚ್ ಮುಟ್ಟಬ್ಯಾಡ" ಎಂದರು. ಮತ್ತೆ ಮಾಡಿಸಿದರು. ಹತ್ತು ಸಲ ಮಾಡಿದೆವು. ಹತ್ತನೆಯ ಸಲವೂ ಹೆದರಿಕೆಯಾಯಿತು, ಆದರೆ ಕಾಲು ಏನು ಮಾಡಬೇಕೋ ಅದನ್ನು ಮಾಡಿತು. ಮಡಕಶಿರಾ ರಸ್ತೆಯಲ್ಲಿ ಅವರಿಗೆ ಆದದ್ದನ್ನೂ ಅಂದೇ ಪೂರ್ತಿ ಹೇಳಿದರು. ಅವರು ಹೆದರಿದ್ದನ್ನು ಕೇಳಿದ್ದು ಅದೇ ಮೊದಲು.

ತಿಂಗಳಾದ ಮೇಲೆ ನಿಡುಗಲ್ ಕಡೆಗೆ ಬಸ್ಸಿನಲ್ಲಿ ಹೋದೆ. ಕುರಿಯವ್ವ ಮನೆಯ ಮುಂದೆ ಬಿಸಿಲಿನಲ್ಲಿ ಕೂತಿದ್ದಳು, ಕೈಗೆ ಪಟ್ಟಿ ಇತ್ತು. ಚೆನ್ನಾಗಿಯೇ ಮಾತನಾಡಿಸಿದಳು, ಮಜ್ಜಿಗೆ ಕೊಡಿಸಿದಳು. ನಾನು ಲೋಟ ಕೆಳಗಿಟ್ಟ ಮೇಲೆ, "ಒಂದು ಕೇಳ್ತೀನಿ ಕಣಮ್ಮ, ಬೇಜಾರು ಮಾಡ್ಕಬ್ಯಾಡ. ಅವತ್ತು ಮುಂದುಗಡೆಯಿಂದ ಸದ್ದೇ ಇರ್ಲಿಲ್ಲ. ನೀನು ಹಾರ್ಕಂಡು ಹೋಗ್ಬುಟ್ಟೇನೋ ಅಂತ ನಾನು ಹಲಗೆ ಬಡ್ದಿದ್ದು. ನಿಂಗೆ ಅಂಗೆ ಅನ್ನಿಸ್ತಾ?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. "ಅನ್ನಿಸ್ತು ಅವ್ವಾ. ಕೈ ಬಾಗಿಲಿಗೆ ಹೋಗಿತ್ತು" ಎಂದೆ.

ಆಕೆ ಪಟ್ಟಿಯ ಕೈಯನ್ನು ತೊಡೆಯ ಮೇಲೆ ಸರಿಸಿಕೊಂಡಳು. "ನಂದೂ ಒಂದು ಕಾಲು ಹಲಗೆ ಮ್ಯಾಲಿತ್ತು. ಕುರಿ ಬುಟ್ಟು ನಾನೊಬ್ಬಳು ಹಾರಾಣ ಅಂತ. ಯಾರಿಗೂ ಹೇಳಿಲ್ಲ. ನಮ್ಮೆಜಮಾನ್ರಿಗಂತೂ ಹೇಳಿಲ್ಲ."

ಇಬ್ಬರೂ ನಗಲಿಲ್ಲ. ಹೊರಡುವಾಗ, ಮುಂದಿನ ಸಂತೆಗೆ ಕುರಿ ಹೇರಲು ಬಾ ಎಂದು ಆಕೆಯೇ ಕರೆದಳು. ಹೋದೆ. ಆಕೆಯ ಕೈ ಕೂಡಿಕೊಂಡಿದೆ, ಸ್ವಲ್ಪ ಸೊಟ್ಟ. ಕೊಡ ಎತ್ತುವಾಗ ನೋಯುತ್ತದಂತೆ. ಈಗ ಆಕೆ ಕ್ಯಾಬಿನ್ನಿನಲ್ಲಿ ನಮ್ಮಿಬ್ಬರ ನಡುವೆ ಕೂರುತ್ತಾಳೆ. ಕೆರೆ ಏರಿಯ ಆ ತಿರುವು ಬರುವಾಗ ಮೂವರಲ್ಲಿ ಯಾರೂ ಮಾತನಾಡುವುದಿಲ್ಲ. ತಿರುವು ದಾಟಿದ ಮೇಲೆ ಆಕೆ ಎಲೆಅಡಿಕೆ ಚೀಲ ಬಿಚ್ಚುತ್ತಾಳೆ.